ಫಾರ್ಮಿನಲ್ಲಿ ಬಸ್ ಬೇಕು ಅಂತಾರೆ, ಮೀಟಿಂಗಿನಲ್ಲಿ ಫ್ಲೈಓವರ್ ಕೇಳ್ತಾರೆ: ಜನರ ಯಾವ ಮಾತನ್ನು ನಂಬಬೇಕು?

ಪ್ರಶ್ನೆ: ನಾವು ಬೆಂಗಳೂರಿನ ಹೊರಮಾವಿನವರು. ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ಮ್ ಹಾಕಿ, ಸಂಚಾರದ ವಿಷಯದಲ್ಲಿ ಸರ್ಕಾರ ಮೊದಲು ಏನು ಮಾಡಬೇಕು ಅಂತ ಕೇಳಿದೆವು. ಜಾಸ್ತಿ ಜನ ಮೆಟ್ರೋ, ಬಸ್ ಅಂದರು. 5 ವರ್ಷದಲ್ಲಿ ಪರಿಸ್ಥಿತಿ ಸರಿಹೋಗುತ್ತದೆ ಎಂಬ ನಂಬಿಕೆ ಇದೆಯಾ ಅಂದರೆ, ಇಲ್ಲ ಅಂತ ಅದೇ ಜನ ಬರೆದರು. ಆಮೇಲೆ ಮೀಟಿಂಗಿನಲ್ಲಿ ಅವರೇ ಎದ್ದು ನಿಂತು ಫ್ಲೈಓವರ್ ಬೇಕು ಅಂದರು. ಇದನ್ನು ಶಾಸಕರಿಗೆ ಕೊಡಬೇಕು ಅಂತಿದ್ದೇವೆ. ಆದರೆ ಇದರಲ್ಲಿ ಜನರ ನಿಜವಾದ ಅಭಿಪ್ರಾಯ ಯಾವುದು? ಇಂಥ ಸರ್ವೆಗೆ ಬೆಲೆ ಇದೆಯಾ?

ಉತ್ತರ: ಮೂರೂ ನಿಜವಾದ ಅಭಿಪ್ರಾಯಗಳೇ. ಬಸ್ ಬೇಕು ಅಂದದ್ದೂ ನಿಜ, ಫ್ಲೈಓವರ್ ಕೇಳಿದ್ದೂ ನಿಜ. ಇವೆರಡರ ನಡುವಿನ ಕೊಂಡಿ ನಿಮ್ಮ ಎರಡನೇ ಪ್ರಶ್ನೆಗೆ ಬಂದ ಉತ್ತರದಲ್ಲಿದೆ, ಅಂದರೆ ನಂಬಿಕೆ ಇಲ್ಲ ಅನ್ನುವುದರಲ್ಲಿ. ಜನ ಬರೀ ತಮಗೆ ಬೇಕಾದದ್ದನ್ನು ಕೇಳುವುದಿಲ್ಲ, ಕೇಳಿದರೆ ಸಿಗಬಹುದು ಅನಿಸಿದ್ದನ್ನು ಕೇಳುತ್ತಾರೆ. ಸಾರಿಗೆ ಸರ್ವೆಗಳ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ಜನರ ಆದ್ಯತೆಯನ್ನು ಅವರ ನಂಬಿಕೆಯಿಂದ ಬೇರ್ಪಡಿಸಿ ಓದಿದರೆ ಎರಡೂ ತಪ್ಪಾಗಿ ಅರ್ಥವಾಗುತ್ತವೆ. ನಮ್ಮಲ್ಲಿ ಹೆಚ್ಚಿನ ಸರ್ವೆಗಳು ಮಾಡುವುದು ಅದನ್ನೇ. ಮೊದಲ ಪುಟದಲ್ಲಿ ಆದ್ಯತೆ, ಕೊನೆಯ ಪುಟದಲ್ಲಿ ನಂಬಿಕೆ, ಎರಡಕ್ಕೂ ಬೇರೆ ಬೇರೆ ಪಟ್ಟಿ.

ನಿಮ್ಮ ಊರಿನಿಂದಲೇ ನೋಡಿ. ಹೊರಮಾವಿನವರಿಗೆ ಏನೇನು ಬರುತ್ತದೆ ಅಂತ ಹೇಳಿದ್ದರು? ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ, ಹೆಬ್ಬಾಳ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋ ನೀಲಿ ಮಾರ್ಗ, ಸುಮಾರು 58 ಕಿ.ಮೀ. ಕೇಂದ್ರ ಸಂಪುಟ ಅದಕ್ಕೆ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಗಡುವು ಎಷ್ಟು ಸಲ ಮುಂದೆ ಹೋಯಿತು ಅಂತ ನಿಮಗೇ ಗೊತ್ತು. ಇನ್ನೊಂದು ಉಪನಗರ ರೈಲು. ನಿಮಗೆ ಹತ್ತಿರದ ಬಾಣಸವಾಡಿ ಮೇಲೆ ಹಾದುಹೋಗುವ ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಮಲ್ಲಿಗೆ ಮಾರ್ಗ ಅದರದ್ದೇ ಭಾಗ. 4 ಮಾರ್ಗ, 148 ಕಿ.ಮೀ., 15,767 ಕೋಟಿ ರೂಪಾಯಿಯ ಯೋಜನೆ. 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ, 2022ರ ಜೂನ್‌ನಲ್ಲಿ ಪ್ರಧಾನಿಯಿಂದ ಶಂಕುಸ್ಥಾಪನೆ. 40 ವರ್ಷ ಆಗದ ಕೆಲಸವನ್ನು 40 ತಿಂಗಳಲ್ಲಿ ಮುಗಿಸುತ್ತೇವೆ ಅನ್ನುವ ಮಾತನ್ನು ಅಂದು ಎಲ್ಲರೂ ಕೇಳಿಸಿಕೊಂಡರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ನಡುವೆ ಮಲ್ಲಿಗೆ ಮಾರ್ಗದ ಗುತ್ತಿಗೆ ಹಿಡಿದ ಕಂಪನಿಯೂ ಹೊರಗೆ ನಡೆಯಿತು.

ಇಷ್ಟೆಲ್ಲ ನೋಡಿದವರು ನಂಬಿಕೆ ಇಲ್ಲ ಅಂತ ಬರೆದರೆ ಅದನ್ನು ನಿರಾಶೆ ಅಂತಲೋ, ಬೆಂಗಳೂರಿನವರಿಗೆ ಬರೀ ಗೊಣಗುವುದೇ ಕೆಲಸ ಅಂತಲೋ ತಳ್ಳಿಹಾಕಬೇಡಿ. ಜನ ತಮ್ಮ ನೆನಪಿನಿಂದ ಉತ್ತರ ಕೊಡುತ್ತಿದ್ದಾರೆ. ಅಧಿಕಾರಿಗಳ ಜೊತೆ ಕೂತಾಗ ಜನರ ಮನೋಭಾವ ಬದಲಾಗಬೇಕು ಅನ್ನುವ ಮಾತು ಆಗಾಗ ಬರುತ್ತದೆ. ನನಗೆ ಅದನ್ನು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಮನೋಭಾವ ಬದಲಾಗಬೇಕಾದರೆ ಮೊದಲು ಆ ನೆನಪಿಗೆ ಏನಾದರೂ ಹೊಸದು ಸೇರಬೇಕಲ್ವಾ?

ಈಗ ಫ್ಲೈಓವರ್ ವಿಷಯಕ್ಕೆ ಬರೋಣ. ಮೀಟಿಂಗಿನಲ್ಲಿ ಎದ್ದು ನಿಂತವರ ಜಾಗದಲ್ಲಿ ನಿಂತು ಯೋಚಿಸಿ. ಬಸ್ ಕೇಳಿದರೆ ಏನಾಗುತ್ತದೆ? ಬಿಎಂಟಿಸಿಗೆ ಒಂದು ಮನವಿ ಹೋಗುತ್ತದೆ, ಸ್ವೀಕೃತಿ ಸೀಲು ಬೀಳುತ್ತದೆ, ಒಂದೆರಡು ತಿಂಗಳು ಬೆಳಿಗ್ಗೆ ಒಂದು ಟ್ರಿಪ್ ಜಾಸ್ತಿ ಬರಬಹುದು, ಆಮೇಲೆ ಡ್ರೈವರ್ ಕಮ್ಮಿ ಅಂತಲೋ, ಬೇರೆ ರೂಟಿಗೆ ಹಾಕಿದರು ಅಂತಲೋ ಅದು ಸದ್ದಿಲ್ಲದೆ ನಿಂತುಹೋಗುತ್ತದೆ. ಫ್ಲೈಓವರ್ ಹಾಗಲ್ಲ. ಅದಕ್ಕೊಂದು ಟೆಂಡರ್ ಇದೆ, ಗುದ್ದಲಿ ಪೂಜೆ ಇದೆ, ಕಂಬ ಕಣ್ಣಿಗೆ ಕಾಣುತ್ತದೆ, ಒಮ್ಮೆ ಕಟ್ಟಿದರೆ ಯಾರೂ ವಾಪಸ್ ತಗೊಂಡು ಹೋಗುವುದಿಲ್ಲ. ಬಸ್ ಟ್ರಿಪ್ಪನ್ನು ಒಂದು ಫೋನ್ ಕರೆಯಲ್ಲಿ ನಿಲ್ಲಿಸಬಹುದು. ಹೀಗಾಗಿ ಮನಸ್ಸಿನಲ್ಲಿ ಬಸ್ ಇದ್ದವರೂ ಬಾಯಲ್ಲಿ ಫ್ಲೈಓವರ್ ಕೇಳುತ್ತಾರೆ. ಇದರಲ್ಲಿ ದಡ್ಡತನ ಇಲ್ಲ, ಲೆಕ್ಕಾಚಾರ ಇದೆ. ಆದರೆ ಆ ಲೆಕ್ಕಾಚಾರಕ್ಕೂ ಈಗ ಬೆಂಗಳೂರಿನಲ್ಲಿ ಪೆಟ್ಟು ಬಿದ್ದಿದೆ. ಈಜಿಪುರದ ಫ್ಲೈಓವರ್ ಎರಡೂವರೆ ಕಿ.ಮೀ. ಕೂಡ ಉದ್ದ ಇಲ್ಲ. ಕೆಲಸ ಶುರುವಾದದ್ದು 2017ರಲ್ಲಿ. ಮೊದಲ ಗುತ್ತಿಗೆ 2022ರಲ್ಲಿ ರದ್ದಾಯಿತು, ಹೊಸ ಗುತ್ತಿಗೆದಾರರು ಬರುವವರೆಗೆ ಕಂಬಗಳು ಹಾಗೇ ನಿಂತಿದ್ದವು. ಕೋರಮಂಗಲದ ಕಡೆ ಓಡಾಡುವವರನ್ನು ಕೇಳಿದರೆ ಫ್ಲೈಓವರ್ ಅಂದ್ರೆ ಖಾತ್ರಿ ಅನ್ನುವ ಭಾವನೆ ಅವರಲ್ಲಿ ನಿಮ್ಮಷ್ಟು ಕಾಣಿಸಲ್ಲ.

ಸರಿ, ಮುಂದಿನ ಪ್ರಶ್ನೆ: ನಿಮ್ಮ ಫಾರ್ಮಿಗೆ ಉತ್ತರ ಕೊಟ್ಟವರು ಯಾರು? ಇದು ನನಗೆ ಎಲ್ಲಕ್ಕಿಂತ ಮುಖ್ಯ. ವಾಟ್ಸಾಪ್ ಗ್ರೂಪಿನಲ್ಲಿ ಇರುವವರು ಮನೆ, ಸೈಟು ಇರುವವರು. ಬಹುಪಾಲು ಕಾರು ಅಥವಾ ಟೂ ವೀಲರ್ ಇರುವವರು. ಅವರ ಮನೆಗೆ ಕೆಲಸಕ್ಕೆ ಬರುವ ಹೆಂಗಸರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರು, ಗಾರ್ಮೆಂಟ್ಸಿಗೆ ಹೋಗುವವರು, ಪೌರಕಾರ್ಮಿಕರು, ಇವರು ಯಾರೂ ಆ ಗ್ರೂಪಿನಲ್ಲಿ ಇರುವುದಿಲ್ಲ. ದಿನಾ ಬಸ್ ಹತ್ತುವವರು, ನಡೆಯುವವರು ಇವರೇ. ಬೆಂಗಳೂರಿನಲ್ಲಿ ಮೆಟ್ರೋ ಬಗ್ಗೆ ನಡೆಯುವಷ್ಟು ಚರ್ಚೆ ಬಸ್ ಬಗ್ಗೆ ನಡೆಯುವುದಿಲ್ಲ. ಆದರೆ ಬಿಎಂಟಿಸಿಯಲ್ಲಿ ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣ ಆಗುತ್ತವೆ. ಮೆಟ್ರೋದಲ್ಲಿ ದಿನದ ಸಂಖ್ಯೆ 10 ಲಕ್ಷ ದಾಟಿದ್ದೇ 2025ರ ಆಗಸ್ಟ್‌ನಲ್ಲಿ, ಹಳದಿ ಮಾರ್ಗ ಶುರುವಾದಾಗ. ಅಂದರೆ ಬಸ್ಸು ಹೊರುವ ಜನ ಇವತ್ತಿಗೂ ಮೆಟ್ರೋದ ನಾಲ್ಕು ಪಟ್ಟು. ಯಾರ ದನಿ ಸರ್ವೆಗೆ ಬರುತ್ತದೋ ಅವರ ಆದ್ಯತೆಯೇ ಊರಿನ ಆದ್ಯತೆ ಅಂತ ಕಾಣಿಸಿಕೊಳ್ಳುತ್ತದೆ.

ಯಾರನ್ನು ಕೇಳಿದೆವು, ಹೇಗೆ ಕೇಳಿದೆವು ಅನ್ನುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ 2016ರ ಸ್ಟೀಲ್ ಫ್ಲೈಓವರ್ ಪ್ರಕರಣಕ್ಕಿಂತ ಒಳ್ಳೆ ಉದಾಹರಣೆ ನಮ್ಮಲ್ಲಿ ಇಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಅದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇಮೇಲ್ ಮೂಲಕ ಅಭಿಪ್ರಾಯ ಕೇಳಿತು, ಒಂದು ಕೋಟಿ ಜನರ ಊರಿನಿಂದ ಬಂದದ್ದು ಕೆಲವೇ ನೂರು ಪ್ರತಿಕ್ರಿಯೆ, ಅದರಲ್ಲಿ ಹೆಚ್ಚಿನವರು ಯೋಜನೆಯ ಪರ ಅಂತ ಬಿಡಿಎ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆಗಿಳಿದು ಕೈ ಕೈ ಹಿಡಿದು ಮಾನವ ಸರಪಳಿ ಮಾಡಿ ಬೇಡ ಅಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಇಲ್ಲಿ ಜನ ಬರೀ ಬೇಡ ಅಂತ ಹೇಳಿ ಮನೆಗೆ ಹೋಗಲಿಲ್ಲ ಅನ್ನುವುದನ್ನು ಮರೆಯಬಾರದು. ಅದೇ ನಾಗರಿಕರು ಉಪನಗರ ರೈಲಿಗಾಗಿ ಚುಕು ಬುಕು ಬೇಕು ಅಂತ ಅಭಿಯಾನ ಮಾಡಿದರು, ಆಮೇಲೆ ಹೆಚ್ಚು ಬಸ್ಸಿಗಾಗಿಯೂ ಕೇಳಿದರು. ಬೇಡ ಅಂದದ್ದಕ್ಕೆ ಸರ್ಕಾರ ಕೆಲವೇ ತಿಂಗಳಲ್ಲಿ ಓಗೊಟ್ಟಿತು. ಬೇಕು ಅಂದದ್ದಕ್ಕೆ ಇಷ್ಟು ವರ್ಷವಾದರೂ ಕಾಯುತ್ತಿದ್ದೇವೆ. ಇದೂ ಜನರ ನೆನಪಿಗೆ ಸೇರಿದೆ.

ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಮಾತು ನಡೆಯುತ್ತಿದೆ. ಸುಮಾರು 17 ಕಿ.ಮೀ., 17,000 ಕೋಟಿಗೂ ಹೆಚ್ಚು ಖರ್ಚು, ಮೇಲೆ ಟೋಲ್. ಇದರ ಬಗ್ಗೆ ಅಭಿಪ್ರಾಯ ಕೇಳುವಾಗ ಟ್ರಾಫಿಕ್ ಕಮ್ಮಿ ಮಾಡಲು ಸುರಂಗ ರಸ್ತೆ ಬೇಕೇ ಅಂತ ಕೇಳಿದರೆ ಬೇಕು ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಟ್ರಾಫಿಕ್ ಕಮ್ಮಿ ಆಗುವುದು ಯಾರಿಗೆ ಬೇಡ? ಪ್ರಶ್ನೆಯಲ್ಲೇ ಉತ್ತರ ಇಟ್ಟ ಹಾಗಾಯಿತು. ಇದರ ಬದಲು ದುಡ್ಡನ್ನು ಮುಂದಿಟ್ಟು ಕೇಳಿ. ಒಂದು ಸಾಮಾನ್ಯ ಡೀಸೆಲ್ ಬಸ್ಸಿಗೆ ಅರ್ಧ ಕೋಟಿ ಅಂತ ಹಿಡಿದರೂ 1,000 ಕೋಟಿಗೆ 2,000 ಬಸ್ ಆಗುತ್ತದೆ. ಬಿಎಂಟಿಸಿ ಹತ್ತಿರ ಈಗ ಇರುವುದೇ ಸುಮಾರು 7,000. ಬಸ್ ಕೊಂಡರೆ ಸಾಲದು, ದಿನಾ ಓಡಿಸಲು ಡ್ರೈವರ್, ಕಂಡಕ್ಟರ್, ಡಿಪೋ, ಇಂಧನ ಎಲ್ಲ ಬೇಕು, ಆ ಖರ್ಚು ಪ್ರತಿ ವರ್ಷ ಬರುತ್ತಲೇ ಇರುತ್ತದೆ. ಅದನ್ನೂ ಮುಚ್ಚಿಡದೆ ಹೇಳಿ. ಇಷ್ಟೆಲ್ಲ ತಿಳಿದ ಮೇಲೂ ಒಬ್ಬರು ಸುರಂಗವೇ ಬೇಕು ಅಂದರೆ ಅದು ಗೌರವಿಸಬೇಕಾದ ಅಭಿಪ್ರಾಯ. ಬೆಲೆ ಗೊತ್ತಿಲ್ಲದೆ ಟಿಕ್ ಹಾಕಿದ್ದು ಬರೀ ಆಸೆ. ನಿಮ್ಮ ಫಾರ್ಮಿನಲ್ಲಿ ಬಂದ ಬಸ್, ಮೆಟ್ರೋ ಅನ್ನುವ ಉತ್ತರಕ್ಕೂ ಇದೇ ಮಾತು ಅನ್ವಯಿಸುತ್ತದೆ ಅನ್ನುವುದನ್ನು ಮರೆಯಬೇಡಿ. ನಾನು ಬಸ್ಸಿನ ಪರ ಇರುವವನು, ಆದರೂ ಇದನ್ನು ಹೇಳಲೇಬೇಕು.

ದುಡ್ಡಿಗಿಂತ ಕಷ್ಟದ ಪ್ರಶ್ನೆ ರಸ್ತೆಯ ಜಾಗದ್ದು. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ, ಬಸ್ ಆದ್ಯತಾ ಪಥ ಮಾಡಿದ್ದರು, ನಿಮಗೆ ನೆನಪಿರಬೇಕು. ಕಂಬ ನೆಟ್ಟು ಎಡಗಡೆಯ ಪಥ ಬಸ್ಸಿಗೆ ಬಿಟ್ಟರು. ಬಸ್ಸಿನಲ್ಲಿ ಕೂತವರಿಗೆ ಸಮಯ ಉಳಿಯಿತು, ಕಾರಿನಲ್ಲಿ ಕೂತವರಿಗೆ ಪಕ್ಕದ ಪಥ ಖಾಲಿ ಇದೆಯಲ್ಲ ಅಂತ ಸಿಟ್ಟು ಬಂತು. ಆಮೇಲೆ ಕೋವಿಡ್ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಒಂದು ಬಸ್ಸಿನಲ್ಲಿ 50–60 ಜನ ಇರುತ್ತಾರೆ, ಅಷ್ಟೇ ಜನ ಕಾರಿನಲ್ಲಿ ಹೋದರೆ ಎಷ್ಟು ಉದ್ದದ ಸಾಲು ಆಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಬಸ್ಸಿಗೆ ಆದ್ಯತೆ ಕೊಡಬೇಕಾ ಅಂದರೆ ಹೌದು ಅನ್ನುವವರಲ್ಲಿ ಎಷ್ಟು ಜನ, ನೀವು ದಿನಾ ಹೋಗುವ ರಸ್ತೆಯಲ್ಲಿ ಒಂದು ಪಥ ಬಸ್ಸಿಗೆ ಬಿಡಬಹುದಾ ಅಂದರೆ ಹೌದು ಅನ್ನುತ್ತಾರೆ? ಈ ಎರಡು ಉತ್ತರಗಳ ನಡುವಿನ ಅಂತರವೇ ನಿಜವಾದ ಮಾಹಿತಿ. ಅದನ್ನು ಅಳೆಯದ ಸರ್ವೆ ಸುಮ್ನೆ ಎಲ್ಲರಿಗೂ ಖುಷಿಯಾಗುವ ಉತ್ತರ ಕೊಡುತ್ತದೆ.

ಆದರೆ ಈ ಅಂತರ ಹಾಗೇ ಇರಬೇಕಾಗಿಲ್ಲ. ಸ್ಟಾಕ್‌ಹೋಮ್ ನಗರದ ಕತೆಯನ್ನು ನಾನು ಪದೇ ಪದೇ ಹೇಳುವುದು ಇದಕ್ಕೇ. ಅಲ್ಲಿ ಊರಿನೊಳಗೆ ಕಾರು ತರುವವರಿಗೆ ಶುಲ್ಕ ಹಾಕುವ ಯೋಚನೆ ಬಂದಾಗ ಬಹಳ ಜನ ವಿರೋಧ ಮಾಡಿದರು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿದರು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಭಾಗ ಕಮ್ಮಿಯಾದವು. ಜುಲೈ ಕೊನೆಗೆ ಪ್ರಯೋಗ ನಿಲ್ಲಿಸಿ ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದಾಗ ನಗರದವರು ಸಣ್ಣ ಬಹುಮತದಿಂದ ಒಪ್ಪಿದರು. 2007ರಲ್ಲಿ ಅದು ಕಾಯಂ ಆಯಿತು, ಆಮೇಲೆ ಬೆಂಬಲ ಇನ್ನೂ ಜಾಸ್ತಿ ಆಯಿತು. ಇದರಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ವಿವರ ಇದೆ. ಶುಲ್ಕ ಶುರುವಾಗುವ ತಿಂಗಳುಗಳ ಮೊದಲೇ, 2005ರ ಆಗಸ್ಟ್‌ನಲ್ಲಿ, ಹೆಚ್ಚುವರಿ ಬಸ್ ಓಡಿಸಲು ಶುರು ಮಾಡಿದ್ದರು. ಮೊದಲು ಬಸ್ ಬಂತು, ಆಮೇಲೆ ಶುಲ್ಕ. ಜನರಿಗೆ ಮಾತು ಕೊಟ್ಟು ನಡೆಸಿಕೊಂಡ ಮೇಲೆ ಅವರಿಂದ ಏನನ್ನೋ ಕೇಳಿದರು. ನಮ್ಮಲ್ಲಿ ದಟ್ಟಣೆ ಶುಲ್ಕದ ಮಾತು ಆಗಾಗ ಏಳುತ್ತದೆ, ಬಸ್ ಎಲ್ಲಿದೆ ಅಂತ ಜನ ಕೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಜನರ ಪ್ರಶ್ನೆ ನ್ಯಾಯವಾದದ್ದೇ.

ನಂಬಿಕೆ ಒಂದು ದಿನದಲ್ಲಿ ಹೋಗುತ್ತದೆ ಅನ್ನುವುದನ್ನೂ ಬೆಂಗಳೂರು ನೋಡಿದೆ. 2025ರ ಫೆಬ್ರವರಿ 9ರಂದು ಮೆಟ್ರೋ ದರ ಏರಿತು. ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು, ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟೇ ಆಯಿತು. ಗಲಾಟೆ ಆದ ಮೇಲೆ ಏರಿಕೆಯನ್ನು ಶೇ 71ಕ್ಕೆ ಮಿತಿಗೊಳಿಸಿದರು. ಪ್ರಯಾಣಿಕರ ಸಂಖ್ಯೆ ಇಳಿಯಿತು. 2017ರ ನಂತರ ದರ ಏರಿಸಿಯೇ ಇರಲಿಲ್ಲ ಅನ್ನುವುದು ಸರಿಯೇ, ಖರ್ಚು ಏರಿದೆ ಅನ್ನುವುದೂ ಸರಿ. ಆದರೆ ದರ ನಿಗದಿ ಸಮಿತಿಯ ವರದಿ ಜನರ ಕೈಗೆ ಸಿಗಲು ತಿಂಗಳುಗಳೇ ಬೇಕಾದವು. ಯಾಕೆ ಏರಿಸಿದರು, ಯಾವ ಲೆಕ್ಕದಲ್ಲಿ ಏರಿಸಿದರು ಅಂತ ಮೊದಲ ದಿನವೇ ಮುಂದಿಟ್ಟಿದ್ದರೆ ಬೈಗುಳ ಅಷ್ಟೇ ಬರುತ್ತಿತ್ತೇನೋ, ಅಪನಂಬಿಕೆ ಇಷ್ಟು ಉಳಿಯುತ್ತಿರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ ದರವೂ ಶೇ 15 ಏರಿತ್ತು. ಇಂಥ ವಾರದಲ್ಲಿ ಸರ್ವೆ ಮಾಡಿದರೆ ಎಲ್ಲರೂ ದರ ಇಳಿಸಿ ಅಂತಲೇ ಬರೆಯುತ್ತಾರೆ, ಮಳೆಗಾಲದಲ್ಲಿ ಮಾಡಿದರೆ ಎಲ್ಲರೂ ಗುಂಡಿ ಅಂತಾರೆ. ಹಾಗಾಗಿ ಯಾವ ವಾರ ಕೇಳಿದ್ದು ಅನ್ನುವುದನ್ನು ನಿಮ್ಮ ವರದಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.

ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ಇನ್ನೊಂದು ಬಗೆಯ ಪಾಠ. 22 ಕಿ.ಮೀ. ಉದ್ದ, ರಸ್ತೆ ನಡುವೆ ಬಸ್ಸಿಗೇ ಮೀಸಲಾದ ದಾರಿ, ಎಸಿ ಬಸ್ಸುಗಳಿಗೆ ಚಿಗರಿ ಅನ್ನುವ ಚೆಂದದ ಹೆಸರು. 2018ರಲ್ಲಿ ಓಡಾಟ ಶುರುವಾಯಿತು, 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ಎರಡು ಊರಿನ ನಡುವೆ ದಿನಾ ಓಡಾಡುವ ವಿದ್ಯಾರ್ಥಿಗಳಿಗೆ, ನೌಕರರಿಗೆ ಅದರಿಂದ ನಿಜವಾದ ಅನುಕೂಲ ಆಯಿತು. ಆದರೆ ಮಳೆ ಬಂದರೆ ಧಾರವಾಡದ ಟೋಲ್ ನಾಕಾದ ಹತ್ತಿರ ನೀರು ನಿಲ್ಲುವುದು ನಿಲ್ಲಲಿಲ್ಲ, ಬಸ್ಸುಗಳು ಹಳೆಯದಾಗಿ ನಡುದಾರಿಯಲ್ಲಿ ಕೆಟ್ಟು ನಿಲ್ಲಲು ಶುರುವಾದವು, ಪಕ್ಕದ ಇಕ್ಕಟ್ಟಿನ ರಸ್ತೆಯಲ್ಲಿ ಸಿಕ್ಕಿಕೊಂಡವರು ಬಸ್ಸಿನ ದಾರಿಯನ್ನು ನಮಗೂ ಬಿಡಿ ಅಂತ ಕೇಳತೊಡಗಿದರು. ಕಟ್ಟಿ ಮುಗಿಸಿದ ಮೇಲೆ ಜನರ ನಂಬಿಕೆ ಸಿಕ್ಕಿಬಿಟ್ಟಿತು ಅಂದುಕೊಳ್ಳುವುದು ತಪ್ಪು. ಮನೆಯ ಬಾವಿಯ ಹಾಗೆ, ಪ್ರತಿ ವರ್ಷ ಹೂಳು ತೆಗೆಯದಿದ್ದರೆ ಅದು ಬತ್ತುತ್ತದೆ. ಹುಬ್ಬಳ್ಳಿಯವರು ಬಿಆರ್‌ಟಿಎಸ್ ಬೇಡ ಅಂದಾಗ ಅವರು ಬಸ್ಸನ್ನೇ ಬೇಡ ಅಂದರಾ, ಕೆಟ್ಟ ನಿರ್ವಹಣೆಯನ್ನು ಬೇಡ ಅಂದರಾ ಅಂತ ಬಿಡಿಸಿ ಕೇಳಬೇಕಿತ್ತು.

ಹಾಗಾದರೆ ನಂಬಿಕೆ ಬರುವುದು ಹೇಗೆ? ಹಳದಿ ಮಾರ್ಗವನ್ನೇ ನೋಡಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ. ಹಳಿ ಸಿದ್ಧ ಇದ್ದರೂ ರೈಲು ಬರಲಿಲ್ಲ ಅಂತ ಜನ ರೋಸಿಹೋಗಿದ್ದರು. 2025ರ ಆಗಸ್ಟ್‌ನಲ್ಲಿ ಕೊನೆಗೂ ಶುರುವಾದಾಗ ಇದ್ದದ್ದು 3 ರೈಲು, 25 ನಿಮಿಷಕ್ಕೊಂದು. ಅಷ್ಟು ಹೊತ್ತು ಕಾಯಬೇಕಾದರೂ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಹತ್ತಿದರು. ಹೊಸ ರೈಲು ಬಂದ ಹಾಗೆ ಕಾಯುವ ಹೊತ್ತು ಕಮ್ಮಿ ಆಗುತ್ತಾ ಬಂತು. ಜನ ಇದನ್ನು ಗಮನಿಸುತ್ತಾರೆ. ಕಾಯುವ ನಿಮಿಷ ಕಮ್ಮಿ ಆದದ್ದು ಅವರ ಮೈಗೇ ಗೊತ್ತಾಗುತ್ತದೆ. ನನ್ನ ಪ್ರಕಾರ ಮುಂದೆ ಸುಧಾರಣೆ ಆಗುತ್ತದೆ ಅನ್ನುವ ಭರವಸೆ 2030ರ ನಕಾಶೆ ತೋರಿಸಿದರೆ ಹುಟ್ಟುವುದಿಲ್ಲ. ಮುಂದಿನ ತಿಂಗಳು ಇಂಥ ದಿನದಿಂದ ನಿಮ್ಮ ಸ್ಟಾಪಿಗೆ 12 ನಿಮಿಷಕ್ಕೊಂದು ಬಸ್ ಅಂತ ಹೇಳಿ, ಆ ದಿನ ಆ ಬಸ್ಸು ಬಂದರೆ ಹುಟ್ಟುತ್ತದೆ. ಸಣ್ಣ ಮಾತು, ಹತ್ತಿರದ ದಿನಾಂಕ. ಅದು ನಾಲ್ಕು ಸಲ ನಡೆದರೆ ಐದನೇ ಸಲ ದೊಡ್ಡ ಮಾತನ್ನೂ ನಂಬುತ್ತಾರೆ.

ಇನ್ನು ನಿಮ್ಮ ಕೆಲಸಕ್ಕೆ ಬರುತ್ತೇನೆ. ಈಗಿನ ಫಾರ್ಮನ್ನು ಶಾಸಕರಿಗೆ ಕೊಡಬೇಡಿ, ಇನ್ನೊಮ್ಮೆ ಮಾಡಿ. 5 ವರ್ಷದಲ್ಲಿ ಸರಿಹೋಗುತ್ತದಾ ಅನ್ನುವ ಪ್ರಶ್ನೆಯನ್ನು ಮೂರಾಗಿ ಒಡೆಯಿರಿ. ನೀಲಿ ಮಾರ್ಗ ಮುಗಿಯುತ್ತದೆ ಅಂತ ನಂಬ್ತೀರಾ? ಹೇಳಿದ ದಿನಕ್ಕೆ ಮುಗಿಯುತ್ತದೆ ಅಂತ ನಂಬ್ತೀರಾ? ಮುಗಿದರೆ ನಿಮಗೆ ಉಪಯೋಗ ಆಗುತ್ತದಾ? ಕಂಬ, ಹಳಿ ಕಣ್ಣೆದುರು ಇರುವುದರಿಂದ ಮೊದಲನೆಯದಕ್ಕೆ ಹೌದು ಅನ್ನುವವರು ಜಾಸ್ತಿ ಇರಬಹುದು, ಎರಡನೆಯದಕ್ಕೆ ಕಮ್ಮಿ. ಮೂರನೆಯದರಲ್ಲಿ ನಿಮಗೆ ನಿಜವಾದ ವಿಷಯ ಸಿಗುತ್ತದೆ: ನಿಲ್ದಾಣಕ್ಕೆ ಹೋಗಲು ಫುಟ್‌ಪಾತ್ ಇಲ್ಲ, ಫೀಡರ್ ಬಸ್ ಇಲ್ಲ, ರಾತ್ರಿ ಬೀದಿ ದೀಪ ಇಲ್ಲ, ಆಟೋದವರು ಸಣ್ಣ ದೂರಕ್ಕೆ ಬರಲ್ಲ. ಇವೆಲ್ಲ ಕಮ್ಮಿ ದುಡ್ಡಿನಲ್ಲಿ, ಕಮ್ಮಿ ದಿನದಲ್ಲಿ ಆಗುವ ಕೆಲಸಗಳು. 17,000 ಕೋಟಿ ಬೇಕಾಗಿಲ್ಲ.

ಆದ್ಯತೆ ಕೇಳುವ ಮೊದಲು ನಿನ್ನೆಯ ದಿನ ಕೇಳಿ. ನಿನ್ನೆ ಎಲ್ಲೆಲ್ಲಿಗೆ ಹೋದಿರಿ, ಹೇಗೆ ಹೋದಿರಿ, ಎಷ್ಟು ಹೊತ್ತು ಕಾದಿರಿ. ಹೆಂಗಸರನ್ನು ಕೇಳುವಾಗ ಇದು ಇನ್ನೂ ಮುಖ್ಯ. ಮಗುವನ್ನು ಸ್ಕೂಲಿಗೆ ಬಿಟ್ಟು, ಔಷಧಿ ತಗೊಂಡು, ಕೆಲಸಕ್ಕೆ ಹೋಗಿ, ಬರುವಾಗ ತರಕಾರಿ ತಂದವರ ನಾಲ್ಕು ಸಣ್ಣ ಪ್ರಯಾಣಗಳು ಆಫೀಸಿಗೆ ಹೇಗೆ ಹೋಗ್ತೀರಿ ಅನ್ನುವ ಪ್ರಶ್ನೆಯಲ್ಲಿ ಮಾಯವಾಗುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರು ಎಷ್ಟು ಜಾಸ್ತಿ ಆದರು ಅಂತ ನೋಡಿದ್ದೀರಿ. ಟಿಕೆಟ್ ಉಚಿತ ಆದರೂ ಸ್ಟಾಪಿನಲ್ಲಿ ಕತ್ತಲೆ ಇದ್ದರೆ, ಬಸ್ಸು ತುಂಬಿ ನಿಲ್ಲಿಸದೆ ಹೋದರೆ ಏನು ಮಾಡ್ತೀರಿ ಅಂತಲೂ ಕೇಳಿ. ಆಮೇಲೆ ಆದ್ಯತೆ. ನಿಮ್ಮ ಹತ್ತಿರ 100 ರೂಪಾಯಿ ಇದ್ದರೆ ಬಸ್ಸಿಗೆಷ್ಟು, ಫುಟ್‌ಪಾತಿಗೆಷ್ಟು, ರಸ್ತೆ ರಿಪೇರಿಗೆಷ್ಟು, ಫ್ಲೈಓವರಿಗೆಷ್ಟು ಅಂತ ಹಂಚಲು ಹೇಳಿ. ಆಯ್ಕೆಗಳ ಕ್ರಮ ಒಂದೊಂದು ಫಾರ್ಮಿನಲ್ಲಿ ಒಂದೊಂದು ರೀತಿ ಇರಲಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಮೇಲಿರುವುದಕ್ಕೇ ಜಾಸ್ತಿ ಬೀಳುತ್ತದೆ. ಕೊನೆಗೆ ಆ ಕಷ್ಟದ ಪ್ರಶ್ನೆ: ನಿಮ್ಮ ಮನೆ ಮುಂದಿನ ರಸ್ತೆಯಲ್ಲಿ ಪಾರ್ಕಿಂಗ್ ತೆಗೆದು ಫುಟ್‌ಪಾತ್ ಮಾಡಿದರೆ ಒಪ್ತೀರಾ?

ವಾಟ್ಸಾಪ್ ಸಾಕಾಗಲ್ಲ. ಬೆಳಿಗ್ಗೆ 8ರ ಒಳಗೆ ಬಸ್ ಸ್ಟಾಪಿನಲ್ಲಿ ನಿಂತು ಕೇಳಿ, ಭಾನುವಾರ ಪಿಜಿಗಳಿಗೆ ಹೋಗಿ, ಮನೆಗೆಲಸ ಮುಗಿಸಿ ಹೋಗುವವರನ್ನು ಮಧ್ಯಾಹ್ನ ಗೇಟಿನ ಹತ್ತಿರ ಮಾತಾಡಿಸಿ. ಕನ್ನಡದ ಜೊತೆ ತಮಿಳು, ತೆಲುಗು, ಹಿಂದಿ ಬರುವ ಒಬ್ಬೊಬ್ಬರು ಜೊತೆಗಿರಲಿ, ಓದಲು ಬರದವರಿಗೆ ಪ್ರಶ್ನೆ ಓದಿ ಹೇಳಲಿ. ಪಾಲಿಕೆಗೆ ಬೇಕಾದಂಥ ಗಟ್ಟಿ ಅಂಕಿ ಬೇಕಾದರೆ ಮನೆಗಳನ್ನು ಚೀಟಿ ಎತ್ತಿ ಆರಿಸಿ, ಸುಮಾರು 400 ಮನೆ ಆದರೆ ಶೇ 5ರಷ್ಟು ಆಚೀಚೆ ಆಗಬಹುದು, ಅಷ್ಟು ನಿಖರತೆ ಒಂದು ಬಡಾವಣೆಗೆ ಬೇಕಾದಷ್ಟಾಯಿತು. ಅಷ್ಟು ಆಗದಿದ್ದರೆ ಸರಿಯಾಗಿ ಆರಿಸಿದ 100 ಮನೆಯೂ ವಾಟ್ಸಾಪಿನ ಸಾವಿರ ಟಿಕ್‌ಗಿಂತ ಮೇಲು.

ಕೊಡುವುದು ಯಾರಿಗೆ? ಬೆಂಗಳೂರಿನ ಪಾಲಿಕೆಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ವ್ಯವಸ್ಥೆ ಬಂದು ಐದು ಪಾಲಿಕೆ ಆದವು. ರಸ್ತೆ ಒಬ್ಬರದ್ದು, ಬಸ್ ಒಬ್ಬರದ್ದು, ಮೆಟ್ರೋ ಒಬ್ಬರದ್ದು, ಸಿಗ್ನಲ್ ಪೊಲೀಸರದ್ದು. ಇವರನ್ನೆಲ್ಲ ಒಂದೇ ಮೇಜಿಗೆ ತರಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು 2022ರಲ್ಲೇ ಮಾಡಿದ್ದಾರೆ. ಅದು ಜೋರಾಗಿ ಕೆಲಸ ಮಾಡಲಿ ಅಂತ ಒತ್ತಾಯ ಮಾಡುವುದೂ ಒಂದು ಸಾರಿಗೆ ಆದ್ಯತೆಯೇ. ಇದು ನಿಮ್ಮ ಫಾರ್ಮಿನ ಪಟ್ಟಿಯಲ್ಲಿ ಇರಲಿಕ್ಕಿಲ್ಲ, ಸೇರಿಸಿ. ಸದ್ಯಕ್ಕೆ ಬಸ್ ಟ್ರಿಪ್ಪಿನ ಭಾಗವನ್ನು ಬಿಎಂಟಿಸಿ ಡಿಪೋ ಮ್ಯಾನೇಜರ್‌ಗೆ, ಫುಟ್‌ಪಾತ್ ಮತ್ತು ದೀಪದ ಭಾಗವನ್ನು ಪಾಲಿಕೆಗೆ, ಸಿಗ್ನಲ್ಲಿನದ್ದನ್ನು ಸಂಚಾರ ಪೊಲೀಸ್ ಠಾಣೆಗೆ ಬೇರೆ ಬೇರೆ ಪತ್ರದಲ್ಲಿ ಕೊಟ್ಟು, ಎಲ್ಲದರ ಪ್ರತಿಯನ್ನು ಶಾಸಕರಿಗೆ ಕೊಡಿ. ಪ್ರತಿ ಪತ್ರದಲ್ಲಿ ಎರಡೇ ಬೇಡಿಕೆ ಇರಲಿ, ಎರಡಕ್ಕೂ ಅವರಿಂದ ಒಂದೊಂದು ದಿನಾಂಕ ಬರೆಸಿಕೊಳ್ಳಿ.

6 ತಿಂಗಳಾದ ಮೇಲೆ ಅದೇ ಪ್ರಶ್ನೆಗಳನ್ನು, ಒಂದು ಪದವೂ ಬದಲಿಸದೆ, ಅದೇ ಮನೆಗಳಲ್ಲಿ, ಅದೇ ಸ್ಟಾಪುಗಳಲ್ಲಿ ಮತ್ತೆ ಕೇಳಿ. ಬರೆಸಿಕೊಂಡ ದಿನಾಂಕಗಳಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ಪಕ್ಕದಲ್ಲೇ ಬರೆಯಿರಿ. ಫಾರ್ಮ್ ಸಿದ್ಧ ಮಾಡಿದ ಮೇಲೆ ಹಂಚುವ ಮೊದಲು ನನಗೊಮ್ಮೆ ಕಳಿಸಿ, ಪ್ರಶ್ನೆಗಳನ್ನು ನೋಡಿ ಹೇಳುತ್ತೇನೆ.